ಪಾಲಿಶ್ ಹೊಡೆಯುವ ಮೊದಲು: ಮಾಂಡೋವಿ ದ್ವೀಪದ ಒಂದು ಹಳೆ ದೋಣಿಯ ಪ್ರಕರಣ

ಈ ಪ್ರಕರಣದ ಊರು, ಮನೆ, ಜನ ಯಾರ ಹೆಸರನ್ನೂ ಇಲ್ಲಿ ಹೇಳಿಲ್ಲ. ಮನೆಯ ಯಜಮಾನರನ್ನು ರಾಯರು ಎಂದೂ ಅವರ ಹೆಂಡತಿಯನ್ನು ಟೀಚರ್ ಎಂದೂ ಕರೆದಿದ್ದೇನೆ. ಕೆಲಸ ಮಾಡಿದ ಬಡಗಿ ಇಲ್ಲಿ ಆಚಾರಿ, ಪಕ್ಕದ ಮನೆಯ ಹಿರಿಯರು ಅಜ್ಜ. ಹಳೆ ಬಾಗಿಲು, ಪೆಟ್ಟಿಗೆ, ತೊಟ್ಟಿಲುಗಳ ರಿಪೇರಿಗೆ ಮುಂಚೆ ಅವುಗಳ ದಾಖಲೆ ಮಾಡಿಕೊಡುವುದು ನನ್ನ ಕೆಲಸ. ಅಂಕೋಲಾ ಬಿಟ್ಟು ಪಣಜಿಗೆ ಬಂದು ಬಹಳ ವರ್ಷವಾದರೂ ದೋಣಿಯ ಕೆಲಸ ನನಗೆ ಬಂದದ್ದು ಇದೇ ಮೊದಲು.

ಹಿನ್ನೆಲೆ

ಖಾನಾಪುರ ತಾಲೂಕಿನ ಕಾಡಿನಲ್ಲಿ ಮಹದಾಯಿ ಎಂದು ಹುಟ್ಟುವ ನದಿ ಗೋವಾದಲ್ಲಿ ಮಾಂಡೋವಿಯಾಗುತ್ತದೆ. ಸಮುದ್ರ ಸೇರುವ ಮೊದಲು ಅದು ಕವಲೊಡೆದು ದ್ವೀಪಗಳನ್ನು ಬಳಸಿ ಹರಿಯುತ್ತದೆ. ಅಂಥ ಒಂದು ದ್ವೀಪದಲ್ಲಿ ರಾಯರು ಹಳೆ ಮನೆಯೊಂದನ್ನು ಕೊಂಡಿದ್ದರು. ಧಾರವಾಡದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ತೆಂಗಿನ ಗರಿಯ ರಾಶಿಯ ಕೆಳಗೆ, ಎರಡು ಚಿರೆಕಲ್ಲಿನ ಸಾಲಿನ ಮೇಲೆ ಬೋರಲು ಹಾಕಿದ ಒಂದು ದೋಣಿ ಸಿಕ್ಕಿತು.

ಉದ್ದ 5.84 ಮೀಟರ್. ನಡುವಿನ ಅಗಲ 82 ಸೆಂಟಿಮೀಟರ್. ಅಡಿಭಾಗ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು. ಅದರ ಅಂಚಿನ ಮೇಲೆ ಎರಡೂ ಬದಿಗೆ ಒಂದೊಂದು ಹಲಗೆ ಏರಿಸಿ ಕತ್ತದ ಹಗ್ಗದಿಂದ ಹೊಲಿದಿದ್ದಾರೆ. ಎಡಬದಿಯ ಹೊಲಿಗೆ ಒಂದು ಮೊಳದಷ್ಟು ದೂರ ನೀಲಿ ನೈಲಾನ್ ಹಗ್ಗದ್ದು. ಒಂದು ಕಡೆ ತಗಡಿನ ತೇಪೆ. ಮೇಲೆಲ್ಲ ಹಸಿರು ಬಣ್ಣ, ಅದರ ಮೇಲೆ ಡಾಮರು, ಹಕ್ಕಳೆ ಎದ್ದಿದೆ.

ರಾಯರು ಮನೆಯನ್ನು ಹೋಮ್‌ಸ್ಟೇ ಮಾಡುವವರಿದ್ದರು. ದೋಣಿಯನ್ನು ಪೂರ್ತಿ ಉಜ್ಜಿ, ಬಿರುಕಿಗೆ ಎಪಾಕ್ಸಿ ಅಂಟು ತುಂಬಿ, ಮಿರಿಮಿರಿ ಪಾಲಿಶ್ ಮಾಡಿ ಪಡಸಾಲೆಯಲ್ಲಿ ಇಡುವುದು ಅವರ ಯೋಚನೆ. "ಪೋರ್ಚುಗೀಸರ ಕಾಲದ ಮೀನುಗಾರರ ದೋಣಿ ಅಂತ ಒಂದು ಬೋರ್ಡ್ ಬರದ್ ಹಾಕೋಣ್ರಿ" ಅಂದಿದ್ದರು. ಟೀಚರಿಗೆ ಅಲ್ಲೇ ಅನುಮಾನ. "ಅದು ಮೀನಿನ ದೋಣಿ ಅಂತ ನಮಗ ಯಾರ್ ಹೇಳ್ಯಾರ? ಗೊತ್ತಿಲ್ಲದ್ದನ್ನ ಬೋರ್ಡ್ ಮ್ಯಾಲೆ ಹೆಂಗ ಬರಿಯೋದು?" ಎಂದು ಅವರೇ ನನಗೆ ಫೋನ್ ಮಾಡಿಸಿದರು. ಈ ಪ್ರಕರಣ ಶುರುವಾದದ್ದು ಆ ಪ್ರಶ್ನೆಯಿಂದ.

ನಾನು ತಲುಪುವ ಹೊತ್ತಿಗೆ ಆಗಿಹೋದದ್ದು

ನಾನು ಫೆರಿ ದಾಟಿ ಹೋಗುವಷ್ಟರಲ್ಲಿ ಆಚಾರಿ ಸ್ಯಾಂಡರ್ ಹಿಡಿದು ಎರಡು ಗೇಣು ಉಜ್ಜಿ ಮುಗಿಸಿದ್ದರು. ಬಲಬದಿಯ ಮುಂತುದಿ. ಅಲ್ಲಿ ಮರ ಹೊಸ ಮಣೆಯ ಹಾಗೆ ಹೊಂಬಣ್ಣ ತಿರುಗಿ ಹೊಳೆಯುತ್ತಿತ್ತು. ಅವರದ್ದು ತಪ್ಪಲ್ಲ, ಒಪ್ಪಿಸಿದ ಕೆಲಸ ಮಾಡಿದ್ದಾರೆ, ಕೈಯೂ ಚೊಕ್ಕ. ಕಾರವಾರ ಕಡೆಯವರು, ಮನೆಮಾತು ಕೊಂಕಣಿ, ಕನ್ನಡ ನೀರಿನ ಹಾಗೆ ಬರುತ್ತದೆ.

ಎಡಬದಿಯ ಮುಂತುದಿಯನ್ನು ಓರೆ ಬೆಳಕಿನಲ್ಲಿ ನೋಡಿದೆ. ಕತ್ತಲೆ ಕೊಟ್ಟಿಗೆಯಲ್ಲಿ ಟಾರ್ಚನ್ನು ಮರಕ್ಕೆ ತಾಗಿಸಿಕೊಂಡು ಅಡ್ಡ ಹಾಯಿಸಿದರೆ ಮೇಲಿಂದ ಕಾಣದ ಗೆರೆಗಳೆಲ್ಲ ಏಳುತ್ತವೆ. ಹಸಿರು ಬಣ್ಣದಡಿ ಬಿಳಿ ಬಣ್ಣದಲ್ಲಿ ಬರೆದ ಒಂದು 4 ಕಂಡಿತು, ಅದರ ಪಕ್ಕ ಅರ್ಧ ಅಳಿಸಿದ ಇನ್ನೊಂದು ಅಂಕಿ. ದೋಣಿಗೆ ನಂಬರು ಬರೆದರೆ ಸಾಮಾನ್ಯವಾಗಿ ಎರಡೂ ಬದಿಗೆ ಬರೆಯುತ್ತಾರೆ. ಆಚಾರಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಳೀದು ಏನೋ ಇತ್ತು ಮಾರಾಯ್ರೆ. ಸುಣ್ಣದ ಕಲೆ ಅಂದ್ಕಂಡೆ" ಎಂದರು.

ಪೂರ್ತಿ ನಂಬರು ಸಿಕ್ಕಿದ್ದರೆ ಹುಡುಕಲು ಒಂದು ದಾರ ಇರುತ್ತಿತ್ತು. ಅದು ಆ ಎರಡು ಗೇಣಿನ ಹುಡಿಯಲ್ಲಿ ಹೋಯಿತು. ಇಡೀ ಪ್ರಕರಣದಲ್ಲಿ ನಾವು ಮತ್ತೆ ಪಡೆಯಲಾಗದೆ ಕಳೆದುಕೊಂಡದ್ದು ಇದೊಂದೇ. ಸ್ಯಾಂಡರಿನ ವೈರನ್ನು ರಾಯರು ತಾವೇ ಎದ್ದು ಪ್ಲಗ್ಗಿನಿಂದ ಕಿತ್ತರು. ಎರಡು ತಿಂಗಳು ಮರಕ್ಕೆ ಯಾವ ಹತಾರವನ್ನೂ ತಾಗಿಸುವುದಿಲ್ಲ ಎಂದು ಅವತ್ತೇ ಒಪ್ಪಂದವಾಯಿತು.

ನೋಡಿದ್ದು, ಅಳೆದದ್ದು

ಮೊದಲ ವಾರ ಬರೀ ಅಳತೆ, ಫೋಟೋ. ಪ್ರತಿ 50 ಸೆಂಟಿಮೀಟರಿಗೆ ಒಂದು ದಾರ ಕಟ್ಟಿ ಅಡ್ಡಸೀಳು ನಕ್ಷೆ ತೆಗೆದೆವು. ಬೇಸರದ ಕೆಲಸ, ಆದರೆ ಈ ನಕ್ಷೆಯೇ ಮೊದಲ ಸುಳಿವು ಕೊಟ್ಟಿತು. ದೋಣಿಯ ತಳ ಚಪ್ಪಟೆ, ಹೊಟ್ಟೆ ಅಗಲ, ಎರಡೂ ತುದಿ ಹೆಚ್ಚು ಏರಿಲ್ಲ. ತೆರೆ ಸೀಳಿಕೊಂಡು ಕಡಲಿಗೆ ಹೋಗುವ ದೋಣಿಯ ಮೂತಿ ಹೀಗಿರುವುದಿಲ್ಲ.

ನಮ್ಮ ಕರಾವಳಿಯಲ್ಲೂ ಗೋವಾದಲ್ಲೂ ಕಡಲಿಗೆ ಇಳಿಯುವ ಸಣ್ಣ ದೋಣಿಗೆ ಉಲಾಂಡಿ ಇರುತ್ತದೆ. ಎರಡು ಅಡ್ಡಗಳಗಳಿಗೆ ಕಟ್ಟಿ ಪಕ್ಕಕ್ಕೆ ಚಾಚಿದ ತೇಲುಮರ ಅದು. ದೋಣಿ ಮಗುಚದಂತೆ ಹಿಡಿಯುತ್ತದೆ. ಅಡ್ಡಗಳಗಳನ್ನು ಬಿಗಿದ ಕಡೆ ಅಂಚಿನಲ್ಲಿ ತೂತುಗಳೋ ಹಗ್ಗ ತಿಂದ ಗುರುತುಗಳೋ ಉಳಿಯಲೇಬೇಕು. ಇಲ್ಲಿ ಎರಡೂ ಅಂಚುಗಳನ್ನು ಬೆರಳಿನಿಂದ ಸವರಿ ನೋಡಿದೆವು. ಹಾಗಿನ ಯಾವ ಗುರುತೂ ಇಲ್ಲ. ಆದರೆ ಹಿಂತುದಿಯ ಬಲ ಅಂಚಿನಲ್ಲಿ ಒಂದು ನುಣುಪಾದ ತಗ್ಗಿತ್ತು. ನಿಂತು ಗಳ ಊರಿ ದೋಣಿ ನೂಕುವವನ ಗಳ ತಿಕ್ಕಿ ತಿಕ್ಕಿ ಆದದ್ದು. ಗಳ ಊರಬೇಕಾದರೆ ನೀರು ಆಳವಿರಬಾರದು. ಹಾಗಾಗಿ ಇದು ಹೊಳೆಯ ದೋಣಿ ಎಂದು ಒಪ್ಪಿಕೊಂಡೆವು.

ಅಡಿಭಾಗದಲ್ಲಿ ಸಿಕ್ಕಿದ್ದು ಇನ್ನೂ ದೊಡ್ಡ ಸುಳಿವು. ಕಿರುಬೆರಳು ತೂರುವಷ್ಟು ಅಗಲದ ಸುರಂಗಗಳು, ಒಳಗೋಡೆಗೆ ಬಿಳಿ ಸುಣ್ಣದ ಪದರ. ಇದು ಗೆದ್ದಲೂ ಅಲ್ಲ, ಕುಟ್ಟೆಯೂ ಅಲ್ಲ, ಹಡಗುಹುಳದ ಕೆಲಸ. ಹುಳ ಎನ್ನುತ್ತೇವೆ, ನಿಜವಾಗಿ ಅದು ನಮ್ಮ ಹೊಳೆಯ ಬೆಳಚು ಎಂಬ ಚಿಪ್ಪುಜೀವಿಯ ದೂರದ ನೆಂಟ. ಚಿಪ್ಪಿನಿಂದ ಮರ ಕೊರೆದು, ಕೊರೆದ ದಾರಿಗೆ ಸುಣ್ಣ ಬಳಿಯುತ್ತ ಹೋಗುವ ಜೀವಿ. ಅದಕ್ಕೆ ಉಪ್ಪುನೀರು ಬೇಕು. ಮಾಂಡೋವಿ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪು ದ್ವೀಪಗಳನ್ನು ದಾಟಿ ಒಳನಾಡಿಗೆ ಏರುತ್ತದೆ. ಅಂದರೆ ದೋಣಿ ಬೇಸಿಗೆಯಲ್ಲೂ ಈ ಭಾಗದ ನೀರಿನಲ್ಲೇ ಬಿದ್ದುಕೊಂಡಿತ್ತು.

ಆಚಾರಿ ಇದಕ್ಕಿಂತ ಸೂಕ್ಷ್ಮವಾದದ್ದನ್ನು ಕಂಡರು. ಹಡಗುಹುಳ ಮರದ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತು ಮಾತ್ರ ಬಿಟ್ಟು ಒಳಗೆ ಅಗಲವಾಗುತ್ತದೆ. ಇಲ್ಲಿ ಸುರಂಗಗಳು ಉದ್ದಕ್ಕೆ ಸೀಳಿದ ಕೊಳವೆಗಳ ಹಾಗೆ ಹೊರಗೇ ತೆರೆದುಕೊಂಡಿದ್ದವು. "ಸ್ಯಾಂಡರ್ ತಾಗದ ಜಾಗದಲ್ಲೂ ಹೀಗೇ ಉಂಟು ನೋಡಿ. ಮೇಲೆ ಬಾಚಿ ಏಟಿನ ಗುರುತುಂಟು. ಹುಳ ಹಿಡಿದ ಮೇಲೆ ಯಾರೋ ತಳವನ್ನು ಬಾಚಿಯಿಂದ ಕೆತ್ತಿ ತೆಳ್ಳಗೆ ಮಾಡಿದ್ದಾರೆ" ಎಂದರು. ಅಳತೆ ಪಟ್ಟಿ ತೆಗೆದು ನೋಡಿದೆ: ತಳದ ದಪ್ಪ ಬದಿಗಳ ದಪ್ಪಕ್ಕಿಂತ ಕಡಿಮೆ. ಕೊರೆದು ಮಾಡಿದ ದೋಣಿಯಲ್ಲಿ ತಳ ಬದಿಗಿಂತ ದಪ್ಪ ಇರುವುದು ವಾಡಿಕೆ. ನಾವು ರಿಪೇರಿ ಮಾಡಲು ಹೊರಟಿದ್ದ ದೋಣಿಯನ್ನು ನಮಗಿಂತ ಮೊದಲೇ ಒಬ್ಬರು ಗಟ್ಟಿ ಮನಸ್ಸು ಮಾಡಿ ರಿಪೇರಿ ಮಾಡಿದ್ದರು.

ಅಲ್ಲಿಂದ ನಮ್ಮ ನೋಟವೇ ತಿರುಗಿತು. ಅಲ್ಲಿಯ ತನಕ ದೋಣಿಯ ವಯಸ್ಸೆಷ್ಟು ಎಂದು ಹುಡುಕುತ್ತಿದ್ದೆವು. ಆಮೇಲೆ ಯಾವ ಭಾಗ ಯಾವಾಗ ಸೇರಿತು ಎಂದು ಕೇಳತೊಡಗಿದೆವು. ಮೇಲಿನ ಹಲಗೆಗಳಲ್ಲಿ ಹಡಗುಹುಳದ ಒಂದು ತೂತೂ ಇಲ್ಲ. ಅದಕ್ಕೆ ನೀರಿನ ಮೇಲೆ ಇರುವುದೂ ಕಾರಣವಿರಬಹುದು. ಆದರೆ ಮರವೂ ಬೇರೆ. ಮರೆಯಲ್ಲಿದ್ದ ಜಾಗದಿಂದ ಉಗುರಿನಷ್ಟು ಚೂರು ತೆಗೆದು ಪರಿಚಯದ ಮರತಜ್ಞರಿಗೆ ಕಳಿಸಿದೆವು. ಸೂಕ್ಷ್ಮದರ್ಶಕದಡಿ ಮರದ ನಾಳ, ಕಿರಣಗಳ ಜೋಡಣೆ ನೋಡಿ ಜಾತಿ ಗುರುತಿಸುವ ಈ ಪರೀಕ್ಷೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಆಗುತ್ತದೆ. ಉತ್ತರ ಬಂತು: ಅಡಿಭಾಗ ಹೆಬ್ಬಲಸು, ಮೇಲ್ಹಲಗೆ ಮಾವು. ಹೆಬ್ಬಲಸು ನೀರಿಗೆ ತಾಳುವ ಮರ, ಕರಾವಳಿಯ ದೋಣಿಗಳಿಗೆ ಹೆಸರುವಾಸಿ. ಮಾವು ಅಗ್ಗ, ಕೈಗೆ ಸಿಗುವಂಥದ್ದು, ಬೇಗ ಹಾಳಾಗುವಂಥದ್ದು.

ರಾಯರಿಗೆ ಒಂದು ಆಸೆ ಹುಟ್ಟಿತು. ಹೆಬ್ಬಲಸು ಘಟ್ಟದ ಮರ ಅಲ್ಲವೇ, ದಿಮ್ಮಿ ಖಾನಾಪುರದ ಕಾಡಿನಿಂದ ಮಹದಾಯಿಯಲ್ಲಿ ತೇಲಿ ಬಂದಿರಬಹುದಲ್ಲವೇ? ಕೇಳಲು ಸೊಗಸಾಗಿತ್ತು, ನನಗೂ ಒಳಗೊಳಗೆ ಹೌದೆನ್ನುವ ಆಸೆ. ಆದರೆ ಹೆಬ್ಬಲಸು ಗೋವಾದ ಕಾಡಿನಲ್ಲೂ ಉಂಟು, ಹಿತ್ತಲಲ್ಲೂ ಉಂಟು. ಮರದ ಜಾತಿ ತಿಳಿದರೆ ಮರದ ಊರು ತಿಳಿದಂತಾಗುವುದಿಲ್ಲ. ಆ ಮಾತನ್ನು ದಾಖಲೆಗೆ ಸೇರಿಸಲಿಲ್ಲ.

ಕಾರ್ಬನ್ ಪರೀಕ್ಷೆ ಬೇಡವೆಂದದ್ದು

"ಖರ್ಚಾದ್ರ ಆಗ್ಲಿ, ಕಾರ್ಬನ್ ಡೇಟಿಂಗ್ ಮಾಡಸ್ರಿ" ಎಂದರು ರಾಯರು. ಹಳೆ ವಸ್ತು ಸಿಕ್ಕಿದವರೆಲ್ಲ ಕೇಳುವುದು ಇದನ್ನೇ, ಆದ್ದರಿಂದ ಬೇಡವೆಂದ ಕಾರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಗಾಳಿಯಿಂದ ಮರ ಸೇರಿ ಕಾಲ ಕಳೆದಂತೆ ಕರಗುತ್ತ ಹೋಗುವ ಕಾರ್ಬನ್ 14 ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಹೇಳುವ ಪರೀಕ್ಷೆ ಅದು, ಸಾವಿರಾರು ವರ್ಷದ ವಸ್ತುವಿಗೆ ಒಳ್ಳೆಯದು. ಸುಮಾರು 1650ರ ಈಚಿನ ಮರಕ್ಕೆ ಗಾಳಿಯಲ್ಲಿನ ಕಾರ್ಬನ್ 14ರ ಪ್ರಮಾಣ ಏರಿಳಿದಿರುವುದರಿಂದ ಒಂದೇ ಅಳತೆಗೆ ಎರಡು ಮೂರು ಬೇರೆ ಬೇರೆ ಕಾಲಗಳು ಹೊಂದುತ್ತವೆ. ಕಲ್ಲಿದ್ದಲು, ಎಣ್ಣೆ ಉರಿಸಿದ ಹೊಗೆ ಅದನ್ನು ಇನ್ನಷ್ಟು ಕಲಸಿದೆ. 1950ರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳು ಆ ಪ್ರಮಾಣವನ್ನು ಒಮ್ಮೆಲೇ ಏರಿಸಿದ್ದರಿಂದ ಅದರ ನಂತರ ಬೆಳೆದ ಮರವನ್ನು ಗುರುತಿಸಬಹುದು. ಅಂದರೆ ನಮ್ಮ ದೋಣಿಗೆ ಬಹುಶಃ "ಹದಿನೇಳರಿಂದ ಇಪ್ಪತ್ತನೆಯ ಶತಮಾನದ ನಡುವೆ" ಎಂಬ ಉತ್ತರ ಬರುತ್ತಿತ್ತು. ಸಾಲದ್ದಕ್ಕೆ ಅದು ಹೇಳುವುದು ಮರದ ಆ ಪದರ ಬೆಳೆದ ಕಾಲವನ್ನು. ದೊಡ್ಡ ದಿಮ್ಮಿಯ ತಿರುಳು ಮರ ಕಡಿಯುವ ಹೊತ್ತಿಗೇ ನೂರು ವರ್ಷ ಹಳೆಯದಾಗಿರಬಹುದು. ಆ ಹಣವನ್ನು ಕಾಗದಪತ್ರ ಓದಿಸಲು ಇಟ್ಟುಕೊಂಡೆವು. ಅದು ಈ ಕೆಲಸದಲ್ಲಿ ನಾವು ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ಒಂದು.

ತಗಡು, ಹಗ್ಗ, ಕಾಗದ

ಬಲಬದಿಯ ತೇಪೆಯ ಒಂದು ಮೂಲೆ ತಾನೇ ಎದ್ದಿತ್ತು. ಅದನ್ನು ಇನ್ನಷ್ಟು ಬಗ್ಗಿಸದೆ ಕೆಳಗೆ ಕನ್ನಡಿ ಹಿಡಿದು ನೋಡಿದೆವು. ತಗಡಿನ ಒಳಮೈಯಲ್ಲಿ ಹಳದಿ ಬಣ್ಣದ ಅಚ್ಚಿನ ಚೂರು. ಅಕ್ಷರ ಕೂಡಿಸಿದರೆ ಪೋರ್ಚುಗೀಸಿನ 'ಅಝೈತಿ'. ಆಲಿವ್ ಎಣ್ಣೆ. ಎಣ್ಣೆ ಡಬ್ಬಿಯನ್ನು ಬಿಚ್ಚಿ ಬಡಿದು ತೇಪೆ ಹಾಕಿದ್ದಾರೆ. ಪೋರ್ಚುಗೀಸ್ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್ 19ಕ್ಕೆ, ಹಾಗಾಗಿ ತೇಪೆ ಅದಕ್ಕಿಂತ ಹಿಂದಿನದು ಎಂದು ರಾಯರು ಕೂಡಲೇ ಲೆಕ್ಕ ಹಾಕಿದರು. ಆ ಲೆಕ್ಕ ನಿಲ್ಲುವುದಿಲ್ಲ. ಖಾಲಿ ಡಬ್ಬಿಯನ್ನು ಗೋವಾದ ಮನೆಗಳು ಇಪ್ಪತ್ತು ವರ್ಷ ಅಕ್ಕಿ ತುಂಬಲು ಇಟ್ಟುಕೊಂಡದ್ದೂ ಉಂಟು. ಡಬ್ಬಿ ಬರುವ ಮೊದಲು ತೇಪೆ ಬಿದ್ದಿರಲಾರದು, ತಗಡು ಹೇಳುವುದು ಅಷ್ಟನ್ನೇ. ನೀಲಿ ಹಗ್ಗದ್ದೂ ಅದೇ ಕಥೆ. ನಮ್ಮ ಕಡಲ ಕಡೆ ಅಂಥ ಹಗ್ಗ ಮನೆಮಾತಾದದ್ದು 1960ರ ನಂತರ, ಆದ್ದರಿಂದ ಆ ಹೊಲಿಗೆ ಅದಕ್ಕಿಂತ ಈಚಿನದು.

ಕಾಗದ ಸಿಕ್ಕಿದ್ದು ಟೀಚರಿಗೆ. ಮನೆಯ ಜೊತೆ ಬಂದ ಮರದ ಪೆಟ್ಟಿಗೆಯಲ್ಲಿ, ಗೆದ್ದಲು ತಿಂದ ಕಟ್ಟೊಂದು. ನಾವು ಓದುವ ಮೊದಲು ಮನೆ ಮಾರಿದ ಕುಟುಂಬಕ್ಕೆ ಫೋನ್ ಮಾಡಿ ಒಪ್ಪಿಗೆ ಕೇಳಿದೆವು. ಮನೆ ಕೊಂಡವರಿಗೆ ಆ ಮನೆಯವರ ಖಾಸಗಿ ಕಾಗದದ ಮೇಲೆ ಹಕ್ಕು ಬರುವುದಿಲ್ಲ ಎಂಬುದು ಟೀಚರ ನಿಲುವು. ಅವರು ಸಂತೋಷದಿಂದ ಒಪ್ಪಿದರು. ಕಾಗದಗಳು ಈಗ ಅವರ ಹತ್ತಿರವೇ ಇವೆ.

ಗೋವಾದಲ್ಲಿ ಹಳೆ ವಸ್ತುಗಳ ಇತಿಹಾಸ ಹುಡುಕುವವರಿಗೆ ಇದು ತಿಳಿದಿರಬೇಕು: 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ ಇಲ್ಲಿ ಯಜಮಾನ ತೀರಿಕೊಂಡರೆ ಆಸ್ತಿ ಪಾಲಿಗೆ 'ಇನ್ವೆಂತಾರಿಯು' ನಡೆಯುತ್ತಿತ್ತು. ಮನೆ, ಗದ್ದೆ ಮಾತ್ರವಲ್ಲ, ಮಂಚ, ಪಾತ್ರೆ, ಒಡವೆ, ದನ, ಎಲ್ಲದರ ಪಟ್ಟಿ ಮಾಡಿ ಬೆಲೆ ಕಟ್ಟುತ್ತಿದ್ದರು. ದೋಣಿಯೂ ಚರ ಆಸ್ತಿಯೇ. ನಮಗೆ ಸಿಕ್ಕಿದ್ದು ಅಂಥ ಪಟ್ಟಿಯ ಒಂದು ಪ್ರತಿ, ಮೊದಲ ಹಾಳೆ ಇಲ್ಲ, ತಾರೀಖು ಇಲ್ಲ. ಪೋರ್ಚುಗೀಸ್ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರು ಒಂದೊಂದೇ ಸಾಲು ಓದಿ ಹೇಳುತ್ತ ಹೋದರು. ಎರಡು ಎತ್ತು, ಒಂದು ಉಪ್ಪಿನ ಮರಿಗೆ, ಆಮೇಲೆ: 'ತೋನಾ ವೆಲ್ಯಾ', ಒಂದು.

"ವೆಲ್ಯಾ ಅಂದರೆ ಹಳೆಯದು" ಎಂದರು ಮೇಷ್ಟ್ರು. "ತೋನಾ ಅಂದರೆ..."

"ದೋಣಿ!" ಎಂದರು ಟೀಚರ್.

ಅವರು ಊಹಿಸಿದ್ದಲ್ಲ, ಕಿವಿಗೆ ಕೇಳಿದ್ದು. ಕೊಂಕಣಿಯಲ್ಲಿ ದೋಣಿಗೆ ವ್ಹಡೆಂ, ಹೋಡಿ ಎನ್ನುತ್ತಾರೆ. ಪೋರ್ಚುಗೀಸರು ಹದಿನಾರನೆಯ ಶತಮಾನದಿಂದ ಬರೆದ 'ತೋನೆ', ಗೋವಾದಲ್ಲಿ ಉಳಿದ 'ತೋನಾ', ತಮಿಳು ಮಲಯಾಳಗಳ ತೋಣಿ, ನಮ್ಮ ದೋಣಿ, ಎಲ್ಲ ಒಂದೇ ಮಾತು. ಆ ಸಂಜೆ ನಮ್ಮ ಜಗಲಿಯಲ್ಲಿ ಎಲ್ಲರಿಗೂ ಮೈ ಜುಮ್ಮೆಂದದ್ದು ನಿಜ. ಘಟ್ಟದಿಂದ ದಿಮ್ಮಿ ತೇಲಿಬಂದ ಕಥೆಯನ್ನು ಬಿಟ್ಟುಕೊಟ್ಟಿದ್ದ ರಾಯರಿಗೆ ಇದು ಅದಕ್ಕಿಂತ ಹೆಚ್ಚಿನದಾಗಿ ಸಿಕ್ಕಿತು, ಅದೂ ಕಾಗದದ ಮೇಲೆ.

ತಾರೀಖಿಲ್ಲದ ಹಾಳೆಗೆ ಕಾಲ ಹೇಳಿದ್ದು ಬೆಲೆಯ ಅಂಕಣ. ಅಲ್ಲಿ ಬೆಲೆ ರುಪಿಯಾ ಮತ್ತು ತಾಂಗಾಗಳಲ್ಲಿತ್ತು. ಪೋರ್ಚುಗೀಸ್ ಗೋವಾದಲ್ಲಿ ಒಂದು ರುಪಿಯಾಕ್ಕೆ 16 ತಾಂಗಾ. 1958ರಲ್ಲಿ ಅದು ಹೋಗಿ ಒಂದು ರುಪಿಯಾಕ್ಕೆ ಆರು ಎಸ್ಕುದೋ ಲೆಕ್ಕದಲ್ಲಿ ಹೊಸ ನಾಣ್ಯ ಬಂತು. ಹಾಗಾದರೆ 1958ಕ್ಕೆ ಮೊದಲೇ ಈ ಮನೆಯಲ್ಲಿ ಒಂದು ದೋಣಿ ಇತ್ತು, ಆಗಲೇ ಅದನ್ನು ಹಳೆಯದು ಎಂದು ಬರೆದಿದ್ದರು. ಅದೇ ದೋಣಿ ಇದು ಎನ್ನಲು ಕಾಗದದಲ್ಲಿ ಉದ್ದ ಅಗಲ ಇರಲಿಲ್ಲ. ಅದಕ್ಕೆ ಮನುಷ್ಯರ ನೆನಪು ಬೇಕಿತ್ತು.

ಅಜ್ಜನನ್ನು ತಪ್ಪಾಗಿ ಕೇಳಿದ್ದು, ಸರಿಯಾಗಿ ಕೇಳಿದ್ದು

ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಮೊದಲ ವಾರವೇ ಅವರ ಅಂಗಳಕ್ಕೆ ಹೋಗಿ ಫೋಟೋ ತೋರಿಸಿ ನಾನು ಕೇಳಿದ್ದೆ: "ಅಂಕಲ್, ಇದು ಮೀನು ಹಿಡಿಯುವ ದೋಣಿಯಲ್ಲವೇ?" ಅವರು ಹೌದೆಂದು ತಲೆಯಾಡಿಸಿದ್ದರು. ಅದನ್ನು ಹಾಗೇ ಬರೆದುಕೊಂಡೆ. ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಿದರೆ ಮರ್ಯಾದಸ್ಥರು ಹೌದೆನ್ನುತ್ತಾರೆ. ತಪ್ಪು ನನ್ನದು, ಮೂರು ವಾರ ಅದು ನಮ್ಮ ದಾರಿ ತಪ್ಪಿಸಿತು.

ಉಲಾಂಡಿಯ ಗುರುತಿಲ್ಲ ಎಂದು ಗೊತ್ತಾದ ಮೇಲೆ ಎರಡನೆಯ ಸಲ ಅವರನ್ನೇ ಕೊಟ್ಟಿಗೆಗೆ ಕರೆತಂದೆವು. ದೋಣಿಯನ್ನು ಆರು ಜನ ಹಿಡಿದು ಅಂಗಾತ ತಿರುಗಿಸಿ ಇಟ್ಟಿದ್ದೆವು. ಈ ಸಲ ಯಾರೂ ಏನೂ ಕೇಳಬಾರದು ಎಂದು ಮಾತಾಡಿಕೊಂಡಿದ್ದೆವು. ಅವರಿಗೆ ಕುರ್ಚಿ ಕೊಟ್ಟೆವು, ಅವರು ಕೂರಲಿಲ್ಲ. ಬಲ ಅಂಚು ಹಿಡಿದು ಹಿಂತುದಿಯಿಂದ ನಡೆದು ಬಂದರು. ನಡುವಿನಲ್ಲಿ ಅಂಚು ಕೊಂಚ ತಗ್ಗಾದ ಕಡೆ ಕೈ ನಿಂತಿತು. ಆಚಾರಿಯ ಕಡೆ ತಿರುಗಿ ಕೊಂಕಣಿಯಲ್ಲಿ, "ಫಳೆಂ ಖಂಯ್?" ಎಂದರು. ಹಲಗೆ ಎಲ್ಲಿ?

ಆಮೇಲೆ ಒಂದೂವರೆ ಗಂಟೆ ಅವರು ಮಾತಾಡಿದರು, ಆಚಾರಿ ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಇದು ಮೀನಿನ ದೋಣಿಯಲ್ಲ, ಚಿಕೋಲಿನ ದೋಣಿ. ಚಿಕೋಲ್ ಎಂದರೆ ಕೆಸರು. ಈ ದ್ವೀಪದ ಗದ್ದೆಗಳು ಖಾಜಣ; ನದಿಯ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಕಟ್ಟಿ, ತೂಬಿಟ್ಟು, ಕಾಂಡ್ಲಾ ಕಾಡಿನ ಕೆಸರನ್ನು ಶತಮಾನಗಳಿಂದ ಬೆಳೆಯ ನೆಲ ಮಾಡಿದ್ದು. ನಮ್ಮ ಅಘನಾಶಿನಿ ಹೊಳೆಯ ಗಜನಿಯೂ ಇದೇ ಪದ, ಇದೇ ಬೇಸಾಯ. ಉಪ್ಪು ತಾಳುವ ಭತ್ತ ನಮ್ಮಲ್ಲಿ ಕಗ್ಗ, ಇಲ್ಲಿ ಕೊರ್ಗುಟ್. ಒಡ್ಡು ಪ್ರತಿವರ್ಷ ಕುಸಿಯುತ್ತದೆ, ಏಡಿ ತೂತು ಮಾಡುತ್ತದೆ. ಇಳಿತದಲ್ಲಿ ದೋಣಿ ಹೊಳೆದಂಡೆಗೆ ಹಚ್ಚಿ ಕೆಸರು ತುಂಬಿ, ಉಬ್ಬರದ ನೀರಿನ ಮೇಲೆ ತೇಲಿಸಿ ಒಡ್ಡಿಗೆ ತಂದು, ಅಂಚಿನ ಮೇಲೆ ಹಲಗೆ ಇಟ್ಟು ಅದರ ಮೇಲಿಂದ ಕೆಸರನ್ನು ಜಾರಿಸಿ ಇಳಿಸುತ್ತಿದ್ದರು. ಅಂಚು ತಗ್ಗಾದದ್ದು ಆ ಹಲಗೆಯ ಭಾರಕ್ಕೆ.

ಅಜ್ಜ ಹುಡುಗನಾಗಿದ್ದಾಗ ಈ ದೋಣಿಯಲ್ಲಿ ಗಳ ಹಿಡಿದಿದ್ದರು. ಮಾವಿನ ಹಲಗೆ ಏರಿಸಿದ್ದನ್ನು ಕಣ್ಣಾರೆ ಕಂಡಿದ್ದರು. ಅದಿರು ತುಂಬಿದ ಬಾರ್ಜುಗಳು ನದಿಯಲ್ಲಿ ಓಡಾಡತೊಡಗಿ, ಅವುಗಳ ತೆರೆಗೆ ತುಂಬಿದ ದೋಣಿಯೊಳಗೆ ನೀರು ನುಗ್ಗುತ್ತಿತ್ತು, ಅದಕ್ಕೇ ಬದಿ ಎತ್ತರಿಸಿದ್ದು ಎಂದರು. ನೀಲಿ ಹಗ್ಗ ಹೊಲಿದದ್ದು ಅವರ ಕೈಯೇ.

ಆ ರಾತ್ರಿ ಆಚಾರಿ ಒಂದು ಬ್ರಷ್ಷಿನಿಂದ ಒಳತಳದ ಬಿರುಕುಗಳನ್ನು ಗುಡಿಸಿ ತಟ್ಟೆಗೆ ಹಿಡಿದರು. ಬೂದುಬಣ್ಣದ ಜಿಗುಟು ಮಣ್ಣಿನ ಹೆಂಟೆ, ಅದರಲ್ಲಿ ಸಾಸಿವೆ ಗಾತ್ರದ ಬಸವನಹುಳದ ಚಿಪ್ಪು, ಭತ್ತದ ಹೊಟ್ಟು. ಅಜ್ಜನ ಮಾತಿಗೆ ದೋಣಿಯೇ ಸಾಕ್ಷಿ ಹೇಳಿತು. ಉಜ್ಜುವ ಕೆಲಸ ಒಳಗಿನಿಂದ ಶುರುವಾಗಿದ್ದರೆ ಅದೂ ಹೋಗುತ್ತಿತ್ತು.

ಏನು ಉಳಿಸುವುದು, ಏನು ತೆಗೆಯುವುದು

ಇತಿಹಾಸ ತಿಳಿದ ಮೇಲೆ ತೀರ್ಮಾನ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಆಚಾರಿಗೆ ಮಾವಿನ ಹಲಗೆ ತೆಗೆದು 'ಮೂಲ' ದೋಣಿ ತೋರಿಸುವ ಮನಸ್ಸು. ಹೆಬ್ಬಲಸಿನ ಕೆತ್ತನೆ ಅವರ ಕಣ್ಣಿಗೆ ಅಷ್ಟು ಚೆಂದ ಕಂಡಿತ್ತು. ರಾಯರಿಗೆ ಒಮ್ಮೆಯಾದರೂ ನೀರಿಗಿಳಿಸುವ ಆಸೆ. ಟೀಚರಿಗೆ ಏನನ್ನೂ ಮುಟ್ಟುವುದು ಬೇಡ.

ಮೂಲ ಎಂದರೆ ಯಾವುದು ಎಂಬಲ್ಲಿ ವಾದ ನಿಂತಿತು. ಹಲಗೆ ತೆಗೆದರೆ ಬಾರ್ಜಿನ ತೆರೆಯ ಕಥೆ ಹೋಗುತ್ತದೆ. ತಳ ಕೆತ್ತುವ ಮೊದಲಿನ ದೋಣಿಯಂತೂ ಯಾರಿಗೂ ಸಿಗುವುದಿಲ್ಲ. ನನ್ನ ಅಭಿಪ್ರಾಯವನ್ನು ಗಟ್ಟಿಯಾಗಿಯೇ ಹೇಳಿದೆ: ಈ ದೋಣಿಯ ಬೆಲೆ ಅದರ ರಿಪೇರಿಗಳಲ್ಲಿದೆ, ಒಂದನ್ನೂ ತೆಗೆಯಕೂಡದು. ನೀರಿಗಿಳಿಸುವ ಮಾತನ್ನು ಆಚಾರಿಯೇ ತಳ್ಳಿಹಾಕಿದರು. ದಶಕಗಳಿಂದ ಒಣಗಿದ ಮರ ಒಮ್ಮೆಲೇ ನೀರು ಕುಡಿದರೆ ಉಬ್ಬಿ, ತೆಳ್ಳಗಿನ ತಳ ಸೀಳುತ್ತದೆ.

ಕೊನೆಗೆ ಮಾಡಿದ್ದು ಇಷ್ಟು. ಕುಟ್ಟೆ, ಗೆದ್ದಲಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಹೊರಬದಿಗೆ ಮಾತ್ರ ಬಳಿದೆವು. ಕಡಿದುಹೋಗಿದ್ದ ಕತ್ತದ ಹೊಲಿಗೆಯನ್ನು ಹೊಸ ಕತ್ತದಿಂದ, ಹಳೆಯ ತೂತುಗಳಲ್ಲೇ ಹೊಲಿದೆವು. ಹೊಸದೆಂದು ತಿಳಿಯಲು ಪ್ರತಿ ಗಂಟಿನ ಪಕ್ಕ ಒಂದು ಕೆಂಪು ದಾರ. ಅಜ್ಜನ ನೀಲಿ ಹೊಲಿಗೆಯನ್ನು ಹಾಗೇ ಬಿಟ್ಟೆವು. ಬಿರುಕುಗಳಿಗೆ ಎಪಾಕ್ಸಿ ತುಂಬಲಿಲ್ಲ. ಗೋವಾದ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಗಟ್ಟಿಯಾದ ತುಂಬು ಒಳಗಿದ್ದರೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಗೇರುಬೀಜದ ಸಿಪ್ಪೆ ಎಣ್ಣೆ ಇಲ್ಲಿನ ಹಳೆ ಪದ್ಧತಿ, ಆಚಾರಿಗೆ ಅದೇ ಬೇಕಿತ್ತು, ಆದರೆ ಅದು ಮರವನ್ನು ಕಪ್ಪು ಮಾಡಿ ಅಳಿದುಳಿದ 4ನ್ನೂ ಮುಚ್ಚಿಬಿಡುತ್ತದೆ. ಒಳತಳಕ್ಕೆ ಏನನ್ನೂ ಬಳಿಯಲಿಲ್ಲ. ಎರಡು ಕಲ್ಲಿನ ಬದಲು ಐದು ಕಡೆ ತಳದ ಆಕಾರಕ್ಕೆ ಕೊರೆದ ಆಸರೆ ಕೊಟ್ಟೆವು.

ಇದರಿಂದ ಬೇರೆಯವರಿಗೆ ಬರುವುದು

ಹೆಚ್ಚು ಸಮಯ ತಿಂದದ್ದು ಕಾಗದ. ಹೆಚ್ಚು ಹೇಳಿದ್ದು ದೋಣಿಯ ಮೈ, ಅಜ್ಜನ ಕೈ. ಈಗ ಮೊದಲಿನಿಂದ ಶುರುಮಾಡುವುದಾದರೆ ನಾನು ಊರಿನ ಹಿರಿಯರನ್ನು ಮೊದಲ ದಿನವೇ ವಸ್ತುವಿನ ಹತ್ತಿರ ಕರೆತಂದು, ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಫೋಟೋ ತೋರಿಸಿದರೆ ಕಣ್ಣು ಮಾತ್ರ ನೆನಪಿಸಿಕೊಳ್ಳುತ್ತದೆ.

ಒಂದೊಂದು ಸುಳಿವನ್ನೂ ಅದು ಹೇಳುವಷ್ಟಕ್ಕೇ ನಿಲ್ಲಿಸುವುದು ಕಷ್ಟದ ಅಭ್ಯಾಸ. ತಗಡು ಒಂದು ಮಾತು ಹೇಳಿತು, ನಾಣ್ಯ ಒಂದು, ಹಗ್ಗ ಒಂದು. ಮೂರನ್ನೂ ಅಜ್ಜನ ಮಾತಿನ ಜೊತೆ ಇಟ್ಟಾಗ ಮಾತ್ರ ಕ್ರಮ ಬಂತು: ಅಡಿಭಾಗ 1958ಕ್ಕೆ ಬಹಳ ಮೊದಲಿನದು, ತಳ ಕೆತ್ತಿದ್ದು ಅಜ್ಜನ ನೆನಪಿಗೂ ಹಿಂದಿನದು, ಮಾವಿನ ಹಲಗೆ ಬಾರ್ಜುಗಳ ಕಾಲದ್ದು, ತೇಪೆ ಅದರ ಆಸುಪಾಸಿನದು, ನೀಲಿ ಹೊಲಿಗೆ ಕೊನೆಯದು. ಇಷ್ಟನ್ನು ಹೇಳಬಹುದು. "ನೂರೈವತ್ತು ವರ್ಷ ಹಳೆಯದು" ಎಂದು ಬೋರ್ಡ್ ಬರೆಯಲು ಆಗುವುದಿಲ್ಲ, ರಾಯರು ಬರೆಯಲೂ ಇಲ್ಲ. ಇನ್ನೊಂದು ಮಾತು: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು ಎನಿಸಬಹುದು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಹೋಮ್‌ಸ್ಟೇಗೆ ಬಂದ ವಿದೇಶಿ ಅತಿಥಿಯೊಬ್ಬರು ಬೆಲೆ ಕೇಳಿದಾಗ ರಾಯರಿಗೆ ಇದು ಉಪಯೋಗಕ್ಕೆ ಬಂತು.

ಖರ್ಚಿನ ಲೆಕ್ಕದಲ್ಲಿ ಸಂಶೋಧನೆ ದುಬಾರಿಯಾಗಲಿಲ್ಲ. ಪಾಲಿಶ್, ಎಪಾಕ್ಸಿಗೆ ಎತ್ತಿಟ್ಟ ಹಣದಲ್ಲೇ ಮರದ ಪರೀಕ್ಷೆ, ಮೇಷ್ಟ್ರ ಸಂಭಾವನೆ, ಕತ್ತ, ಆಸರೆ ಎಲ್ಲ ಮುಗಿದವು. ದುಬಾರಿಯಾದದ್ದು ಕಾಯುವುದು. ಹೋಮ್‌ಸ್ಟೇ ತೆರೆಯುವ ದಿನ ಮುಂದೆ ಹೋಯಿತು, ರಾಯರು ಆ ನಷ್ಟವನ್ನು ಗೊಣಗದೆ ನುಂಗಿದರು.

ಕೆಲಸ ಮುಗಿಯುವ ದಿನ ಉಜ್ಜಿದ ಆ ಎರಡು ಗೇಣಿನ ಪ್ರಶ್ನೆ ಉಳಿದಿತ್ತು. ಉಳಿದ ಮೈ ಕಪ್ಪುಹಸಿರು, ಅಲ್ಲಿ ಮಾತ್ರ ಹೊಂಬಣ್ಣ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಬಣ್ಣ ಕಲಸಿ ಹೊಂದಿಸಿಬಿಡೋಣವೇ ಎಂದು ನಾನೇ ಕೇಳಿದೆ. ಆಚಾರಿ ಬೇಡವೆಂದರು.

"ಅಜ್ಜನ ನೀಲಿ ಹಗ್ಗ ಇಟ್ಕಂಡ್ರಲ್ಲ. ತಳ ಕೆತ್ತಿದವನ ಬಾಚಿ ಗುರುತೂ ಇಟ್ಕಂಡ್ರಿ. ಇದು ನನ್ನ ಕೈ ಗುರುತು. ಇದೂ ಇರ್ಲಿ. ಯಾಕೆ ಆಯ್ತು ಅಂತ ಬರ್ದಿಡಿ."

ದೋಣಿಯ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಪುಟವಿದೆ: ಬಲಬದಿ ಮುಂತುದಿ, 46 ಸೆಂಟಿಮೀಟರ್, ಸ್ಯಾಂಡರ್, ಬಿಳಿ ಬಣ್ಣದ ಬರಹ ಇದ್ದಿರಬಹುದು. ಕೆಳಗೆ ಆಚಾರಿಯ ಸಹಿ.